ನೋಡುವಂಥದ್ದೇನೂ ಇಲ್ಲದ ಎರಡು ಗಂಟೆ

ಫೆಬ್ರವರಿ 3
ಒಂಬತ್ತನೇ ದಿನದ ಲಾಡ್ಜು

ನನ್ನ ಬುಗುರಿಗೆ,

ನೀನೂ ನಿನ್ನಮ್ಮನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾನು, ನನ್ನ ಬಾವುಟ, ನನ್ನ ಮೂವತ್ತು ಜನ ಪ್ರಯಾಣಿಕರು ಎಲ್ಲರೂ ಕ್ಷೇಮ. ಒಬ್ಬರಿಗೆ ಮಾತ್ರ ಹೊಟ್ಟೆ ಸರಿಯಿಲ್ಲ. ಅದರ ವರದಿಯನ್ನು ಅವರು ಗಂಟೆಗೊಮ್ಮೆ ಇಡೀ ಬಸ್ಸಿಗೆ ಕೊಡುತ್ತಿದ್ದಾರೆ.

ಒಂದು ಒಳ್ಳೆಯ ಸುದ್ದಿ. ಬರುವ ಜುಲೈಗೆ ನಾನು ಗೈಡ್ ಆಗಿ ಇಪ್ಪತ್ತೈದು ವರ್ಷ ತುಂಬುತ್ತದೆ. ಅಂಥವರ ಮನೆಯವರೊಬ್ಬರನ್ನು ಒಂದನೇ ನಂಬರಿನ ಸೀಟಿನಲ್ಲಿ ಪೂರ್ತಿ ಪ್ರವಾಸ ಕರೆದೊಯ್ಯುವುದು ನಮ್ಮ ಕಂಪನಿಯ ಪದ್ಧತಿ. ಬಾಗಿಲ ಹಿಂದಿನ ಸೀಟು, ಮುಂದಿನ ಗಾಜು ಪೂರ್ತಿ ಕಾಣುತ್ತದೆ. ಅದಕ್ಕಾಗಿ ದೊಡ್ಡ ದೊಡ್ಡವರು ಮಕ್ಕಳ ಹಾಗೆ ಕಿತ್ತಾಡುವುದನ್ನು ಇಷ್ಟು ವರ್ಷ ನೋಡಿದ್ದೇನೆ. ಆ ಸೀಟಿಗೆ ನಿನ್ನ ಹೆಸರು ಬರೆಸುತ್ತೇನೆ. ಇಪ್ಪತ್ತೊಂದು ದಿನ. ಬೆಟ್ಟ, ಕೋಟೆ, ಸಮುದ್ರ, ಎಲ್ಲವೂ.

ನಿನಗೀಗ ಹತ್ತೊಂಬತ್ತು. ಶಾಲೆ ಬಿಟ್ಟು ನಾಲ್ಕು ವರ್ಷವಾಯಿತು. ನಾನೇನೂ ಅನ್ನಲಿಲ್ಲ. ಆದರೆ ದೇಶ ಸುತ್ತು, ಇಲ್ಲವೇ ಕೋಶ ಓದು ಎಂದು ಹಿರಿಯರು ನಮಗಾಗಿ ಎರಡು ಬಾಗಿಲು ಇಟ್ಟುಹೋಗಿದ್ದಾರೆ. ಒಂದನ್ನು ನೀನೇ ಮುಚ್ಚಿಕೊಂಡೆ. ಇನ್ನೊಂದನ್ನು ನಾನು ತೆರೆದು ಹಿಡಿದಿದ್ದೇನೆ, ಬಾ.

ಒಂದು ಸಣ್ಣ ಮಾತು. ಬಸ್ಸಿನಲ್ಲಿ ಯಾರಾದರೂ ನಿನ್ನ ಓದಿನ ಬಗ್ಗೆ ಕೇಳಿದರೆ ಹೆಚ್ಚು ವಿವರಿಸಲು ಹೋಗಬೇಡ. ನಕ್ಕರೆ ಸಾಕು.

ನಿನ್ನ
ಅಪ್ಪ

•

ಫೆಬ್ರವರಿ 11

ಅಪ್ಪಾ,

ನಿನ್ನ ಪತ್ರ ಬಂತು. ಇದನ್ನು ನಿನ್ನ ಇಪ್ಪತ್ತನೇ ದಿನದ ಲಾಡ್ಜಿಗೆ ಕಳಿಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನಿನ್ನ ದಾರಿ ಒಂದಿಂಚೂ ಬದಲಾಗಿಲ್ಲವಾದ್ದರಿಂದ ಪತ್ರ ನಿನಗಿಂತ ಮೊದಲೇ ಹೋಗಿ ಕೌಂಟರಿನಲ್ಲಿ ಕಾಯುತ್ತದೆ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಹಿಡಿದರೆ ನಿನಗೆ ಮೈಕ್ ಹಿಡಿದಂತೆ. ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಮೂರು ಶತಮಾನ ದಾಟಿರುತ್ತೀಯ. ಪತ್ರವಾದರೆ ನೀನು ನಡುವೆ ಬಾಯಿ ಹಾಕಲಾರೆ.

ನಾನು ಬರುವುದಿಲ್ಲ.

ಕಾರಣ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಮಾಡಿಕೊಂಡರೂ ಹೇಳುತ್ತೇನೆ. ನಾನು ಶಾಲೆ ಬಿಟ್ಟದ್ದು ತಲೆಗೆ ಹತ್ತದೆ ಅಲ್ಲ, ಕೂರಲಾರದೆ. ನಂಬರು ಹಾಕಿದ ಬೆಂಚು, ಬೆಳಿಗ್ಗೆ ಹಾಜರಿ, ಇತ್ತ ನೋಡಿ ಅಂದರೆ ಇತ್ತ, ಅತ್ತ ನೋಡಿ ಅಂದರೆ ಅತ್ತ, ಒಂದಕ್ಕೆ ಹೋಗಬೇಕಾದರೆ ಕೈಯೆತ್ತಿ ಕೇಳಬೇಕು. ನಿನ್ನ ಬಸ್ಸಿನಲ್ಲಿ ಇದರಲ್ಲಿ ಯಾವುದಿಲ್ಲ ಹೇಳು? ಪೀಪಿ ಊದಿದರೆ ಸಾಲು ನಿಲ್ಲುವುದೂ ಇದೆ. ಕಿಟಕಿ ಸ್ವಲ್ಪ ದೊಡ್ಡದು, ಅಷ್ಟೇ. ಒಂದು ಶಾಲೆಯಿಂದ ತಪ್ಪಿಸಿಕೊಂಡವಳನ್ನು ಚಕ್ರವಿರುವ ಇನ್ನೊಂದು ಶಾಲೆಗೆ ಸೇರಿಸಲು ಹೊರಟಿದ್ದೀಯ.

ಇನ್ನು ದೇಶ ಸುತ್ತಿದರೆ ಮನಸ್ಸು ದೊಡ್ಡದಾಗುತ್ತದೆ ಎಂಬ ಮಾತು. ನಾನು ನಾಲ್ಕು ವರ್ಷದಿಂದ ದೇಶ ಸುತ್ತಿ ಬಂದ ಸೂಟ್‌ಕೇಸುಗಳನ್ನು ರಿಪೇರಿ ಮಾಡುತ್ತಿದ್ದೇನೆ. ಚಕ್ರ ಸಿಕ್ಕಿಕೊಂಡಿದೆ ಎಂದು ತರುತ್ತಾರೆ. ಬಿಚ್ಚಿದರೆ ಒಳಗೆ ಏನಿರುತ್ತದೆ ಗೊತ್ತಾ? ಕೂದಲು. ನಿಲ್ದಾಣಗಳ ನುಣುಪು ನೆಲದ ಮೇಲೆ ಉದುರಿದ, ಯಾರದೋ ತಲೆಗೂದಲು. ಯಾವ ದೇಶಕ್ಕೆ ಹೋಗಿಬಂದದ್ದಾದರೂ ಅದೇ ಬೂದು ಉಂಡೆ. ಮಣ್ಣು ಸಿಕ್ಕಿದ್ದು ನಾಲ್ಕು ವರ್ಷದಲ್ಲಿ ಎರಡೇ ಸಲ. ಮಣ್ಣೇ ಮುಟ್ಟದೆ ಬಂದವರು ಏನು ನೋಡಿದರು? ಕೇಳಿದರೆ ಊಟದ ಸಂಗತಿ, ಕಕ್ಕಸಿನ ಸಂಗತಿ, ಪಕ್ಕದ ಸೀಟಿನವರ ಸಂಗತಿ ಹೇಳುತ್ತಾರೆ. ಸೂರ್ಯೋದಯ ನೋಡಿದೆವು ಅನ್ನುತ್ತಾರೆ. ಇಲ್ಲೂ ಹುಟ್ಟುತ್ತಾನಪ್ಪ ಅವನು, ನಮ್ಮ ನೀರಿನ ಟ್ಯಾಂಕಿನ ಹಿಂದೆ, ದಿನಾ.

ಇದನ್ನೆಲ್ಲ ಬೀಗದಮ್ಮನಿಗೆ ಓದಿ ಹೇಳಿದೆ. (ನಮ್ಮ ಅಂಗಡಿಯ ಯಜಮಾನಿ. ಸೂಟ್‌ಕೇಸಿನ ಯಾವ ಬೀಗವನ್ನಾದರೂ ಒಂದು ಹೇರ್‌ಪಿನ್ನಿನಲ್ಲಿ ತೆಗೆಯುತ್ತಾಳೆ, ಅದಕ್ಕೇ ಆ ಹೆಸರು. ನಾಲ್ಕು ವರ್ಷದಿಂದ ಹೇಳುತ್ತಿದ್ದೇನೆ, ನೀನು ಪ್ರತಿ ಸಲ 'ಯಾರು?' ಅನ್ನುತ್ತೀಯ.) ಅವಳು ಅಂದಳು: "ಎಲ್ಲಾ ನಿಜ ಕಣೇ. ಆದ್ರೆ ಜೋರಾಗಿ ಹೇಳ್ಬೇಡ. ಜನ ಊರು ಬಿಡೋದು ನಿಲ್ಸಿದ್ರೆ ನಾವಿಬ್ರೂ ಬಾಗಿಲು ಹಾಕ್ಬೇಕಾಗುತ್ತೆ."

ಕೊನೆಯದಾಗಿ ಒಂದು. ನಿನ್ನ ಬಸ್ಸು ನಮ್ಮೂರ ಹೊರಗಿನ ದೊಡ್ಡ ರಸ್ತೆಯಲ್ಲೇ ಹೋಗುತ್ತದೆ, ನಾಲ್ಕನೇ ದಿನ, ಸಂಜೆ ನಾಲ್ಕಕ್ಕೆ. ಆಗ ನೀನು ಮೈಕಿನಲ್ಲಿ ಏನು ಹೇಳುತ್ತೀಯೆಂದು ನನಗೆ ಗೊತ್ತು. ಒಮ್ಮೆ ಕೇಳಿದ್ದೇನೆ. "ಇನ್ನು ಎರಡು ಗಂಟೆ ನೋಡುವಂಥದ್ದೇನೂ ಇಲ್ಲ. ತಾವೆಲ್ಲ ನಿದ್ದೆ ಮಾಡಬಹುದು."

ನಾವು ಆ ಎರಡು ಗಂಟೆಯೊಳಗೆ ವಾಸವಾಗಿದ್ದೇವೆ, ಅಪ್ಪಾ.

ಓದಿನ ಬಗ್ಗೆ ಕೇಳಿದರೆ ನಗು ಅಂದೆಯಲ್ಲ, ಅದು ಅರ್ಥವಾಗಲಿಲ್ಲ. ಕೇಳಿದರೆ ಇದ್ದದ್ದು ಹೇಳುವುದು. ಅದರಲ್ಲಿ ನಗುವುದೇನಿದೆ?

ಬುಗುರಿ

•

ಫೆಬ್ರವರಿ 27

ಮಗಳೇ,

ನಿನ್ನ ಪತ್ರವನ್ನು ಲಾಡ್ಜಿನ ಮೆಟ್ಟಿಲ ಮೇಲೆ ನಿಂತು ಓದಿದೆ. ನನ್ನ ಇಡೀ ಬದುಕನ್ನು ಕೂದಲ ಉಂಡೆ ಮಾಡಿ ಕೈಗಿಟ್ಟಿದ್ದೀಯ. ಬರೆಯಲು ಬರುತ್ತದೆ ನಿನಗೆ, ಒಪ್ಪಿದೆ. ಇಷ್ಟು ಚೆನ್ನಾಗಿ ಬೈಯುವ ಹುಡುಗಿ ಶಾಲೆ ಬಿಟ್ಟಳಲ್ಲ ಎಂದು ಇನ್ನೊಮ್ಮೆ ಹೊಟ್ಟೆ ಉರಿಯಿತು.

ನೀನು ಚಕ್ರ ನೋಡಿದ್ದೀಯ. ನಾನು ಮುಖ ನೋಡಿದ್ದೇನೆ. ಬೆಟ್ಟದ ತುದಿಯಲ್ಲಿ ಮಂಜು ಸರಿದು ಕಣಿವೆ ಕಂಡಾಗ ಮೂವತ್ತು ಜನ ಒಟ್ಟಿಗೆ ಸುಮ್ಮನಾಗುತ್ತಾರೆ. ಮನೆಯಲ್ಲಿ ಒಂದು ನಿಮಿಷ ಸುಮ್ಮನಿರದ ಜನ! ನಿನ್ನ ನೀರಿನ ಟ್ಯಾಂಕಿನ ಹಿಂದೆ ಅದು ಆಗುವುದಿಲ್ಲ. ನಿನಗೆ ಗೊತ್ತಿರುವ ಪ್ರಪಂಚ ಆ ಅಂಗಡಿಯ ಶಟರಿನಷ್ಟು ಅಗಲ. ಅದರ ಬಗ್ಗೆ ಹೆಮ್ಮೆ ಬೇರೆ.

ಎರಡು ಗಂಟೆಯ ಮಾತು ಬರೀ ಜನರಿಗೆ ವಿಶ್ರಾಂತಿ ಸಿಗಲಿ ಎಂದು ಹೇಳುವುದು. ಅದಕ್ಕೆ ಬೇರೆ ಅರ್ಥ ಹಚ್ಚಬೇಡ.

ಆ ಸೀಟಿನ ಅರ್ಜಿಗೆ ಏಪ್ರಿಲ್ ಕೊನೆಯವರೆಗೆ ಸಮಯವಿದೆ. ಮಾರ್ಚ್ ಹತ್ತಕ್ಕೆ ಮನೆಗೆ ಬರುತ್ತೇನೆ, ಎರಡು ದಿನ ಇರುತ್ತೇನೆ. ಕೂತು ಮಾತಾಡೋಣ.

ಅಪ್ಪ

•

ಮಾರ್ಚ್ 14

ಅಪ್ಪಾ,

ಕೂತು ಮಾತಾಡೋಣ ಅಂದಿದ್ದೆ. ನೀನು ಮಲಗಿದೆ. ಮೂರು ತಿಂಗಳಿಗೊಮ್ಮೆ ಮನೆಗೆ ಬಂದು ಎರಡು ದಿನ ನಿದ್ದೆ ಮಾಡುವುದನ್ನು ನಾನು ತಪ್ಪೆನ್ನುವುದಿಲ್ಲ. ಅಮ್ಮ ಬ್ರೆಡ್ ಕಾರ್ಖಾನೆಯಿಂದ ಬಂದು ನಿನ್ನ ಮುಖ ನೋಡಿ, "ಪಾಪ, ಇಲ್ಲೂ ನೋಡೋವಂಥದ್ದೇನೂ ಇಲ್ಲ ಅಂತ ಮಲಗವ್ರೆ" ಅಂದಳು. ಕಳಿಸುವ ಮೊದಲು ಅವಳಿಗೆ ನನ್ನ ಪತ್ರ ತೋರಿಸಬಾರದಿತ್ತು.

ನೀನು ಮಲಗಿದ್ದಾಗ ನಿನ್ನ ಕಂದು ಸೂಟ್‌ಕೇಸನ್ನು ಬಾಗಿಲ ಪಕ್ಕದಿಂದ ಸರಿಸಲು ಹೋದೆ. ಹಿಡಿಕೆಯ ಬುಡದಲ್ಲಿ ಎರಡು ಹೊಸ ರಿವೆಟ್ ಇದ್ದವು. ದಪ್ಪ ತಲೆಯವು. ಹಿಂದೆ ಆಸರೆಗೆ ತಗಡಿನ ತಟ್ಟೆ ಕೊಡದೆ ಹೊಡೆದಿದ್ದಾರೆ, ಆದ್ದರಿಂದ ಸುತ್ತಲೂ ಬಿರುಕು ಬಿಟ್ಟಿದೆ. ಒಂದು ಚಕ್ರವೂ ಬದಲಾಗಿದೆ. ಅದು ಬೇರೆ ಅಳತೆಯದು, ಆದ್ದರಿಂದಲೇ ಪೆಟ್ಟಿಗೆ ಎಡಕ್ಕೆ ಎಳೆಯುತ್ತದೆ. ಎಡಭುಜ ನೋಯುತ್ತದೆ ಎಂದು ಅಮ್ಮನಿಗೆ ಹೇಳುತ್ತಿದ್ದೆಯಲ್ಲ, ಅದು ವಯಸ್ಸಿನಿಂದಲ್ಲ.

ಯಾವ ಊರಿನಲ್ಲಿ ಮಾಡಿಸಿದೆ? ಯಾರ ಹತ್ತಿರ? ನಾಲ್ಕು ವರ್ಷದಿಂದ ನಿನ್ನ ಮಗಳು ಇದೇ ಕೆಲಸ ಮಾಡುತ್ತಾಳೆ. ನಿನ್ನ ಪೆಟ್ಟಿಗೆ ಮುರಿದರೆ ಅಪರಿಚಿತನ ಕೈಗೆ ಕೊಟ್ಟೆ. ಅವನು ಅದನ್ನು ಕೊಂದಿಟ್ಟಿದ್ದಾನೆ.

ಇನ್ನೊಂದು ಮಾತು ಬರೆದುಬಿಡುತ್ತೇನೆ, ಇಷ್ಟು ವರ್ಷ ಇಬ್ಬರೂ ಎತ್ತದ್ದು. ನನಗೆ ಹತ್ತು ವರ್ಷವಿದ್ದಾಗ ನಿನ್ನ ಬಸ್ಸಿನಲ್ಲಿ ಒಂದು ದಿನ ಕರೆದುಕೊಂಡು ಹೋಗಿದ್ದೆ. ಬಾಗಿಲ ಬಳಿಯ ಮಡಚುವ ಸೀಟಿನಲ್ಲಿ ಕೂರಿಸಿದ್ದೆ. ಟೀಗೆ ನಿಲ್ಲಿಸಿದ ಕಡೆ ನಾನು ಇಳಿದೆ. ನೀನು ತಲೆ ಎಣಿಸಿದೆ. ಮೂವತ್ತು. ಪಟ್ಟಿಯಲ್ಲೂ ಮೂವತ್ತು. ಸರಿಹೋಯಿತು, ಬಸ್ಸು ಬಿಟ್ಟಿತು. ನಾನು ಪಟ್ಟಿಯಲ್ಲಿರಲಿಲ್ಲ.

ನಲವತ್ತು ನಿಮಿಷ ಬಿಟ್ಟು ನೀನು ಬಂದೆ. ಆ ಹೊತ್ತು ನಾನು ಅಳಲಿಲ್ಲ. ಟೀ ಅಂಗಡಿಯ ಪಕ್ಕ ಒಬ್ಬ ಮುದುಕ ಚೀಲ ಹೊಲಿಯುತ್ತಿದ್ದ. "ಅಳ್ಬೇಡ, ಇದನ್ನ ಹಿಡ್ಕೋ" ಎಂದು ಒಂದು ಬಕಲ್ ಕೊಟ್ಟ, ಅವನು ಸುತ್ತಿಗೆ ಹೊಡೆದ. ಅಳದೆ ಇದ್ದವಳಿಗೆ ಅಳಬೇಡ ಅಂದದ್ದು ನಗು ಬಂತು. ನೀನು ಓಡಿ ಬಂದಾಗ ನಾನು ಮೂರನೇ ಬಕಲ್ ಹಿಡಿದಿದ್ದೆ. "ಅಮ್ಮನಿಗೆ ಹೇಳ್ಬೇಡ ಮರೀ" ಅಂದೆ. ಇವತ್ತಿನವರೆಗೂ ಹೇಳಿಲ್ಲ.

ದೂರಲು ಬರೆಯುತ್ತಿಲ್ಲ. ಅಲ್ಲಿ ಕೂತಾಗ ನನಗೆ ಮೊದಲ ಸಲ ಕಾಲು ತುರಿಸಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಸೀಟು ಬೇಡ. ಸೂಟ್‌ಕೇಸ್ ತಂದುಕೊಡು.

ಬುಗುರಿ

•

ಏಪ್ರಿಲ್ 6

ಅಪ್ಪಾ,

ಮೊನ್ನೆ ಅಂಗಡಿಗೆ ಒಬ್ಬ ಹೆಂಗಸು ನೀಲಿ ಸೂಟ್‌ಕೇಸ್ ತಂದರು. ನಿವೃತ್ತರಾದ ನರ್ಸು. ಹಿಡಿಕೆಗೆ ನಿನ್ನ ಕಂಪನಿಯ ಹಳದಿ ಚೀಟಿ ಇನ್ನೂ ನೇತಾಡುತ್ತಿತ್ತು. ಜಿಪ್ಪು ಬಾಯಿ ಬಿಟ್ಟಿತ್ತು. ನಾನು ರನ್ನರ್ ಬಿಚ್ಚುತ್ತಾ, ಪ್ರವಾಸ ಹೇಗಿತ್ತು ಎಂದು ಕೇಳಿದೆ.

"ಜಾಗ ಎಲ್ಲಾ ಮರ್ತೋಯ್ತಮ್ಮ. ಗೈಡ್ ಮಾತ್ರ ಮರ್ಯೋಕಾಗಲ್ಲ" ಅಂದರು. "ಏನ್ ಮನುಷ್ಯ! ಮಗಳಂದ್ರೆ ಪ್ರಾಣ. ಹತ್ತೊಂಬತ್ತೇ ವರ್ಷ ಅಂತೆ, ನದಿಗಳ ಬಗ್ಗೆ ಓದ್ತಿದಾಳಂತೆ, ಆಗ್ಲೇ ಹದಿನಾಲ್ಕು ದೇಶ ನೋಡಿದಾಳಂತೆ. ಒಂದೊಂದ್ ದೇಶದಿಂದ್ಲೂ ಅಪ್ಪಂಗೆ ಪತ್ರ ಬರೀತಾಳಂತೆ."

ಪತ್ರದ ವಿಷಯವೊಂದು ನಿಜ.

ಆಮೇಲೆ ನನ್ನ ಕೈ ನೋಡಿ, "ನೀನೂ ಇಷ್ಟು ಚುರುಕಾಗಿದೀಯ. ಆ ಹುಡುಗಿ ಥರ ಓದ್ಬೇಕಿತ್ತು ಕಣಮ್ಮ" ಅಂದರು.

ನಾನು ಏನೂ ಹೇಳಲಿಲ್ಲ. ಅದನ್ನು ತಿಳಿಸುವುದಕ್ಕೇ ಈ ಪತ್ರ. ನಾನು ಹುಟ್ಟಿದಾಗಿನಿಂದ ಇದ್ದದ್ದು ಇದ್ದ ಹಾಗೆ ಹೇಳಿ, ಎದ್ದು ಬಂದವರಿಂದ ಎದೆಗೆ ಒದೆಸಿಕೊಂಡವಳು. ಶಾಲೆ ಯಾಕೆ ಬಿಟ್ಟೆ ಎಂದು ಹೆಡ್‌ಮಾಸ್ತರು ಕೇಳಿದಾಗ "ನಿಮ್ಮ ಪಾಠ ಬೇಜಾರು" ಅಂದವಳು. ಆ ಹೆಂಗಸಿನ ಮುಂದೆ ಬಾಯಿ ಮುಚ್ಚಿಕೊಂಡು ನಿಂತೆ, ಯಾಕೆಂದರೆ ಬಾಯಿ ತೆರೆದರೆ ನೀನು ಸುಳ್ಳುಗಾರನಾಗುತ್ತಿದ್ದೆ. ನಿನ್ನ ಸುಳ್ಳಿಗೆ ನಾನು ಕಾವಲು ನಿಂತೆ. ಜಿಪ್ಪಿನ ರನ್ನರನ್ನು ತಿರುಗುಮುರುಗಾಗಿ ಹಾಕಿ, ಬಿಚ್ಚಿ, ಮತ್ತೆ ಹಾಕಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ.

"ನಕ್ಕರೆ ಸಾಕು" ಅಂದದ್ದು ಈಗ ಅರ್ಥವಾಯಿತು.

ಇಪ್ಪತ್ತೊಂದು ದಿನ ನಾನು ಅವಳ ಸೀಟಿನಲ್ಲಿ ಕೂತು ನಗಬೇಕಿತ್ತು. ಅವಳನ್ನೇ ಕರೆದುಕೊಂಡು ಹೋಗು. ಹದಿನಾಲ್ಕು ದೇಶ ನೋಡಿದವಳಿಗೆ ಹದಿನೈದನೆಯದು ಕಷ್ಟವಾಗಲಿಕ್ಕಿಲ್ಲ.

ಶನಿವಾರ ಆಕೆ ಸೂಟ್‌ಕೇಸ್ ತೆಗೆದುಕೊಂಡು ಹೋಗಲು ಬರುತ್ತಾರೆ. ಆಗ ನಿಜ ಹೇಳುತ್ತೇನೆ. ನಿನಗೆ ಮೊದಲೇ ತಿಳಿಸುತ್ತಿದ್ದೇನೆ, ಹಿಂದಿನಿಂದ ಚುಚ್ಚಿದಳು ಅನ್ನಬಾರದು.

ಸೂಟ್‌ಕೇಸ್ ರಿಪೇರಿಯವಳು

•

ಏಪ್ರಿಲ್ 19
(ಕಾರ್ಡು)

ಪತ್ರ ತಲುಪಿತು. ಓದಿದೆ.

ಅಪ್ಪ

•

ಮೇ 1

ಅಪ್ಪಾ,

ಅರ್ಜಿಯ ಕೊನೆಯ ದಿನ ನಿನ್ನೆ ಮುಗಿಯಿತು. ನಿನ್ನಿಂದ ಬಂದದ್ದು ಮೂರು ಪದ. ಇಪ್ಪತ್ತೈದು ವರ್ಷ ಮಾತಾಡಿ ಬದುಕಿದ ಮನುಷ್ಯ!

ಆ ನರ್ಸಮ್ಮನಿಗೆ ಹೇಳಿದೆ. "ನಿಮ್ಮ ಗೈಡಿಗೆ ಇರೋದು ಒಬ್ಳೇ ಮಗಳು. ಅದು ನಾನೇ. ಒಂಬತ್ತನೇ ಕ್ಲಾಸಿಗೆ ಬಿಟ್ಟೆ" ಅಂದೆ. ಅವರು ಕುರ್ಚಿ ಕೇಳಿದರು. ಕೂತು, ಜಿಪ್ಪನ್ನು ಮೂರು ಸಲ ಎಳೆದು ನೋಡಿ, "ಹಾಗಾದ್ರೆ ಹದಿನಾಲ್ಕು ದೇಶ?" ಅಂದರು.

"ಅದಕ್ಕಿಂತ ಜಾಸ್ತಿ ದೇಶದ ಕೂದ್ಲು ಕಿತ್ತಿದೀನಿ ಚಕ್ರದಿಂದ" ಅಂದೆ.

ಅವರು ಎಷ್ಟು ನಕ್ಕರೆಂದರೆ ಬೀಗದಮ್ಮ ಒಳಗಿನಿಂದ ಎದ್ದು ಬಂದಳು. ಹೋಗುವಾಗ ನರ್ಸಮ್ಮ ಅಂದರು: "ನಿಮ್ಮಪ್ಪ ಮಗಳ ವಿಷ್ಯ ಹೇಳೋವಾಗ ಅವರ ಮುಖ ನೋಡ್ಬೇಕಿತ್ತು ನೀನು. ಮಾತು ಸುಳ್ಳಿರ್ಬೋದು. ಆ ಮುಖ ಸುಳ್ಳಲ್ಲ. ನಲವತ್ತು ವರ್ಷ ರೋಗಿಗಳ ಮುಖ ನೋಡಿದೀನಿ, ನಂಗೆ ಗೊತ್ತಾಗುತ್ತೆ."

ಅವರು ಹೇಳಿದ್ದನ್ನು ಹೇಳಿದಂತೆ ಬರೆದಿದ್ದೇನೆ. ಅದರಿಂದ ನನ್ನ ಕೋಪ ಇಳಿದಿಲ್ಲ.

ಅಮ್ಮನಿಗೆ ಏನೂ ಗೊತ್ತಿಲ್ಲ. ನಿನ್ನ ಗುಟ್ಟುಗಳನ್ನು ಇಟ್ಟುಕೊಳ್ಳಲು ನನ್ನ ಹತ್ತಿರ ಜಾಗ ಕಡಿಮೆಯಾಗುತ್ತಿದೆ.

ಬುಗುರಿ

•

ಮೇ 22
ಹನ್ನೆರಡನೇ ದಿನದ ಲಾಡ್ಜು

ನನ್ನ ಬುಗುರಿಗೆ,

ಇದು ಐದನೇ ಸಲ ಬರೆಯುತ್ತಿರುವುದು. ಮೊದಲ ನಾಲ್ಕರಲ್ಲಿ ನಾನು ಗೈಡ್ ಆಗಿಬಿಟ್ಟಿದ್ದೆ, ಹರಿದುಹಾಕಿದೆ.

ಮೊದಲ ಸಲ ಅದು ಸುಳ್ಳೂ ಆಗಿರಲಿಲ್ಲ. ನೀನು ಶಾಲೆ ಬಿಟ್ಟ ವಾರ ಒಬ್ಬರು, ಮಗಳು ಏನು ಓದುತ್ತಿದ್ದಾಳೆ ಎಂದು ಕೇಳಿದರು. ಒಂಬತ್ತು ಅಂದೆ. ಹಿಂದಿನ ವಾರದವರೆಗೆ ಅದು ನಿಜವೇ ಆಗಿತ್ತಲ್ಲ. ಮುಂದಿನ ವರ್ಷ ಹತ್ತು ಅಂದೆ. ನೀನು ಶಾಲೆ ಬಿಟ್ಟೆ, ಅವಳು ಬಿಡಲಿಲ್ಲ. ವರ್ಷವರ್ಷ ಪಾಸಾದಳು. ಕಾಲೇಜು ಸೇರಿದಳು. ಒಂದು ದಿನ ಮೈಕ್ ಕೈಯಲ್ಲಿತ್ತು, ಹೊರಗೆ ನದಿ ಕಾಣುತ್ತಿತ್ತು, ಎಲ್ಲರೂ ಕೇಳುತ್ತಿದ್ದರು. ಅವಳನ್ನು ನದಿಗಳ ಹಿಂದೆ ಕಳಿಸಿಬಿಟ್ಟೆ.

ನಿನ್ನನ್ನು ಬಸ್ಸು ಹತ್ತಿಸಿದರೆ, ನೋಡುತ್ತಾ ನೋಡುತ್ತಾ ನೀನು ಸ್ವಲ್ಪ ಅವಳ ಹಾಗೆ ಆದೀಯೆಂಬ ಆಸೆಯಿತ್ತು. ಬರೆಯಲು ನಾಚಿಕೆಯಾಗುತ್ತದೆ. ಆದರೆ ಇದ್ದದ್ದು ಇದು.

ಪೆಟ್ಟಿಗೆಯ ವಿಷಯ. ಅದು ಮುರಿದಾಗ ಮನೆಗೆ ಬರಲು ಬರೀ ಎಂಟು ದಿನವಿತ್ತು. ಕಾಯಬಹುದಿತ್ತು. ನಿನ್ನ ಅಂಗಡಿಗೆ ತಂದಿದ್ದರೆ ನಾನು ಗಿರಾಕಿ, ನೀನು ಪೆಟ್ಟಿಗೆ ರಿಪೇರಿಯವಳು. ಅದು ಖಾಯಂ ಆಗಿಬಿಡುತ್ತದೆ ಎಂದು ಹೆದರಿದೆ. ದಾರಿಯಲ್ಲಿ ಸಿಕ್ಕವನ ಕೈಗೆ ಕೊಟ್ಟೆ. ನನ್ನ ಭುಜಕ್ಕೆ ತಕ್ಕ ಶಾಸ್ತಿಯಾಗಿದೆ.

ಆ ನಲವತ್ತು ನಿಮಿಷ ನೀನು ಅಳಲಿಲ್ಲ ಅಂದೆ. ಬಸ್ಸಿನಲ್ಲಿ ನಾನು ಅತ್ತೆ. ಎಣಿಕೆ ಸರಿಯಿತ್ತು, ಮಗಳೇ. ನನ್ನನ್ನು ಇವತ್ತಿಗೂ ಹೆದರಿಸುವುದು ಅದೇ. ಅಂದಿನಿಂದ ಪ್ರತಿ ಸಲ ಎರಡೆರಡು ಬಾರಿ ಎಣಿಸುತ್ತೇನೆ. ಡ್ರೈವರ್ ತಮಾಷೆ ಮಾಡುತ್ತಾನೆ.

ನಿನ್ನೆ ಮಧ್ಯಾಹ್ನ ಒಬ್ಬರು ಮಗಳ ಬಗ್ಗೆ ಕೇಳಿದರು. ನಾನು ಮೈಕಿನಲ್ಲೇ ಹೇಳಿದೆ. ಅವಳು ಶಾಲೆ ಬಿಟ್ಟವಳು, ಸೂಟ್‌ಕೇಸ್ ರಿಪೇರಿ ಮಾಡುತ್ತಾಳೆ, ಪ್ರವಾಸ ಅಂದರೆ ಚಕ್ರವಿರುವ ಶಾಲೆ ಅನ್ನುತ್ತಾಳೆ ಎಂದು. ಬಸ್ಸು ಬೆಟ್ಟದ ತುದಿಯಲ್ಲಾಗುವಂತೆ ಸುಮ್ಮನಾಯಿತು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಂತೂ ಬಾಯಿಗೆ ಬಂತಲ್ಲ ಸಾರ್" ಅಂದ. ಅವನಿಗೆ ನಾಲ್ಕು ವರ್ಷದಿಂದ ನಿಜ ಗೊತ್ತಿತ್ತಂತೆ.

ಹಿಂದಿನ ಸೀಟಿನಿಂದ ಒಬ್ಬ ಮುದುಕರು ಕೂಗಿದರು: "ನನ್ ಪೆಟ್ಟಿಗೆ ಹಿಡಿಕೆ ಮೇಲಕ್ಕೇ ಬರ್ತಿಲ್ಲ. ಮಾಡ್ತಾಳಾ?"

"ಮಾಡ್ತಾಳೆ" ಅಂದೆ.

"ಚೆನ್ನಾಗ್ ಮಾಡ್ತಾಳಾ?"

ಕೋಟೆಯ ಒಂದೊಂದು ಕಂಬದ ಮುಂದೆ ಜನರನ್ನು ನಿಲ್ಲಿಸಿ, ಸರಿಯಾಗಿ ನೋಡಿ, ಸರಿಯಾಗಿ ನೋಡಿ ಎಂದು ಹೇಳುವವನು ನಾನು. ನಿನ್ನ ಕೆಲಸವನ್ನು ಒಮ್ಮೆಯೂ ನೋಡಿಲ್ಲ.

ಒಂದನೇ ಸೀಟಿಗೆ ಇನ್ನೂ ಹೆಸರು ಬರೆಸಿಲ್ಲ. ಮ್ಯಾನೇಜರ್ ಜೂನ್ ಮಧ್ಯದವರೆಗೆ ಅವಕಾಶ ಕೊಟ್ಟಿದ್ದಾರೆ.

ಅಪ್ಪ

•

ಜೂನ್ 9

ಅಪ್ಪಾ,

ನಿನ್ನ ಪತ್ರವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು, ಕೆಲಸ ಬಿಟ್ಟು ಬಿಟ್ಟು ಓದಿದೆ. ಬೀಗದಮ್ಮ ಜ್ವರ ನೋಡಲು ಹಣೆ ಮುಟ್ಟಿದಳು.

ಒಂಬತ್ತು ಸೂಟ್‌ಕೇಸ್ ಬಂದಿವೆ. ಎಲ್ಲದರ ಮೇಲೂ ಹಳದಿ ಚೀಟಿ, ಚೀಟಿಯ ಹಿಂದೆ ನಿನ್ನ ಅಕ್ಷರದಲ್ಲಿ ನಮ್ಮ ಅಂಗಡಿಯ ದಾರಿ: "ಹಳೆಯ ಬಸ್ ನಿಲ್ದಾಣದ ಹಿಂದೆ, ಕನ್ನಡಕದ ಅಂಗಡಿಯ ಎದುರು, ನೀಲಿ ಶಟರ್." ಒಂದೂ ತಪ್ಪಿಲ್ಲ. ಒಳಗೆ ಬಂದು ನೋಡದವನು ಹೊರಗಿನಿಂದ ಎಷ್ಟು ಸಲ ನೋಡಿದ್ದೀಯ?

ಹಿಡಿಕೆ ಬಾರದ ಮುದುಕರದ್ದು ಮೊದಲು ಬಂತು. ಒಳಗಿನ ಗುಂಡಿಯ ಸ್ಪ್ರಿಂಗ್ ಜಾರಿತ್ತು, ಹತ್ತು ನಿಮಿಷದ ಕೆಲಸ. ಅವರು ಹಿಡಿಕೆಯನ್ನು ಮೇಲೆ ಕೆಳಗೆ ಎಳೆದು, "ನಿಮ್ಮಪ್ಪಂಗೆ ಕಾಗದ ಬರೀತೀನಿ. ಚೆನ್ನಾಗೇ ಮಾಡ್ತಾಳೆ ಅಂತ" ಅಂದರು. ಬರೆದರೋ ಇಲ್ಲವೋ. ನಾನೇ ಹೇಳುತ್ತೇನೆ: ಹೌದು, ಚೆನ್ನಾಗಿ ಮಾಡುತ್ತೇನೆ. ಈ ಊರಿನಲ್ಲಿ ನನಗಿಂತ ಚೆನ್ನಾಗಿ ಚಕ್ರ ಕೂರಿಸುವವರು ಬೀಗದಮ್ಮ ಒಬ್ಬಳೇ, ಅವಳಿಗೀಗ ಕಣ್ಣು ಮಂಜು. ಇದರಲ್ಲಿ ಜಂಬವೇನಿಲ್ಲ.

ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಟೀ ಅಂಗಡಿಯದನ್ನೂ. ಜಾಗ ತುಂಬಿತ್ತು. ಅವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಕೇಳಿದಳು. ಬೈಯಲಿಲ್ಲ. "ಆ ಸೀಟು ಖಾಲಿ ಇದೆಯಾ?" ಅಂದಳು.

"ಅದ್ರಲ್ಲಿ ದಿನಾ ಹನ್ನೊಂದು ಗಂಟೆ ಕೂತಿರ್ಬೇಕಮ್ಮ, ಮಿಸುಕಾಡದೆ" ಅಂದೆ.

"ಇಪ್ಪತ್ತೆರಡು ವರ್ಷದಿಂದ ಓವನ್ ಮುಂದೆ ನಿಂತಿದೀನಿ ಕಣೇ. ಹನ್ನೊಂದು ಗಂಟೆ ಕೂರ್ಸಿ, ಕಿಟಕೀಲಿ ಬೆಟ್ಟ ತೋರಿಸ್ತಾರೆ ಅಂದ್ರೆ, ನಿಂಗೆ ಶಾಲೆ ಇರ್ಬೋದು, ನಂಗೆ ಸ್ವರ್ಗ."

ಪ್ರವಾಸದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಅದು ಕೂರಲಾರದವಳ ಅಭಿಪ್ರಾಯ, ನಿಂತು ಸಾಕಾದವಳದ್ದಲ್ಲ ಎಂದು ಸೇರಿಸಿಕೋ. ಆ ಸೀಟಿಗೆ ಅಮ್ಮನ ಹೆಸರು ಬರೆಸು. ನಿನ್ನ ಪಟ್ಟಿಯಲ್ಲಿ ಅವಳೂ ಇಷ್ಟು ವರ್ಷ ಇರಲಿಲ್ಲ ಅಲ್ಲವೇ.

ಬುಗುರಿ

•

ಜುಲೈ 24

ಅಪ್ಪಾ,

ಮೊನ್ನೆ ನೀನು ಇಲ್ಲಿದ್ದದ್ದು ನಲವತ್ತು ನಿಮಿಷ, ನಿನ್ನ ಹಿಂದೆ ಮೂವತ್ತು ಜನ. ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಇದೂ ನಿನಗಿಂತ ಮೊದಲು ಹೋಗಿ ಕಾಯಲಿ.

ನಾಲ್ಕು ಗಂಟೆ. ನಾನು ಒಂದು ಕೆಂಪು ಸೂಟ್‌ಕೇಸನ್ನು ಬೋರಲು ಹಾಕಿ ಚಕ್ರದ ಅಚ್ಚು ಕೊರೆಯುತ್ತಿದ್ದೆ. ಬೀದಿಯಲ್ಲಿ ಬ್ರೇಕಿನ ಸದ್ದಾಯಿತು. ನಮ್ಮ ಬೀದಿಗೆ ಬಸ್ಸು ಬರುವುದಿಲ್ಲ, ಬರಲು ಸಾಧ್ಯವೂ ಇಲ್ಲ. ಕನ್ನಡಕದ ಅಂಗಡಿಯವರು ಎರಡು ಕೈಯಲ್ಲೂ ತಮ್ಮ ಬೋರ್ಡು ಹಿಡಿದುಕೊಂಡು, "ಏಯ್ ಡ್ರೈವರ್ರೇ, ಇದೇನ್ ನಿಮ್ ಮಾವನ್ ಮನೇನಾ!" ಎಂದು ಕೂಗುತ್ತಿದ್ದರು. ಆಮೇಲೆ ನಿನ್ನ ಬಾವುಟ ಕಾಣಿಸಿತು. ಆಮೇಲೆ ನಿನ್ನ ದನಿ.

"ದಯವಿಟ್ಟು ಎಲ್ಲರೂ ಹತ್ತಿರ ಬನ್ನಿ. ಮುಂದಿನವರು ಸ್ವಲ್ಪ ಬಗ್ಗಿ, ಹಿಂದಿನವರಿಗೆ ಕಾಣಲಿ. ನಿಮ್ಮ ಎಡಗಡೆ ಕಾಣ್ತಿರೋದು ನಲವತ್ತೊಂದು ವರ್ಷ ಹಳೇದಾದ ಸೂಟ್‌ಕೇಸ್ ಅಂಗಡಿ..."

"ಮೂವತ್ತಾರು" ಎಂದು ಬೀಗದಮ್ಮ ಒಳಗಿನಿಂದ ಅಂದಳು. "ಇಲ್ಲೂ ಶುರು ಮಾಡ್ಬೇಡಿ."

"ಮೂವತ್ತಾರು" ಎಂದು ನೀನು ತಿದ್ದಿಕೊಂಡೆ. "ಕ್ಷಮಿಸಿ. ಅಲ್ಲಿ ಡ್ರಿಲ್ ಹಿಡಿದಿರೋದು ನನ್ನ ಮಗಳು."

ಅಷ್ಟೇ. ಮುಂದೇನೂ ಹೇಳಲಿಲ್ಲ. ನಾನು ಕಾಯುತ್ತಿದ್ದೆ, ಇನ್ನೇನು ಮೂರು ಶತಮಾನ ಶುರುವಾಗುತ್ತದೆ ಎಂದು. ಆಗಲಿಲ್ಲ. ನೀನು ಬಾವುಟವನ್ನು ಕಂಕುಳಲ್ಲಿಟ್ಟುಕೊಂಡು ನೋಡುತ್ತಾ ನಿಂತೆ. ನಾನು ಹಳೆಯ ಚಕ್ರ ಕಿತ್ತೆ, ಕೂದಲು ತೆಗೆದೆ, ಅಚ್ಚಿಗೆ ಎಣ್ಣೆ ಬಿಟ್ಟೆ, ಹಿಂದೆ ತಟ್ಟೆ ಕೊಟ್ಟು ರಿವೆಟ್ ಹೊಡೆದೆ. ನಿನ್ನ ಕಣ್ಣು ನನ್ನ ಕೈಯ ಮೇಲೇ ಇತ್ತು. ಅಷ್ಟು ಹೊತ್ತು ನೀನು ಮಾತಾಡದೆ ನಿಂತದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ನಾನು ತಲೆಯೆತ್ತಲಿಲ್ಲ. ಎತ್ತಿದ್ದರೆ ರಿವೆಟ್ ಸೊಟ್ಟಗಾಗುತ್ತಿತ್ತು. ಸೂಟ್‌ಕೇಸನ್ನು ನೆಲದ ಮೇಲಿಟ್ಟು ಒಂದು ಬೆರಳಲ್ಲಿ ತಳ್ಳಿದೆ. ಅದು ನೇರವಾಗಿ ಹೋಗಿ ನಿನ್ನ ಬೂಟಿಗೆ ತಾಕಿ ನಿಂತಿತು. ಆ ನಿನ್ನ ಪ್ರಯಾಣಿಕರು ಚಪ್ಪಾಳೆ ತಟ್ಟಿದರಲ್ಲ, ಅದು ಅತಿಯಾಯಿತು. ಆದರೂ ಇರಲಿ.

ಅಮ್ಮ ಬಸ್ಸಿನಿಂದ ಇಳಿಯಲೇ ಇಲ್ಲ. ಒಂದನೇ ಸೀಟಿನಿಂದ ಕೈ ಬೀಸಿ, "ಎಲ್ಲಾ ಇಲ್ಲಿಂದ್ಲೇ ಕಾಣುತ್ತೆ ಕಣೇ! ನಾನ್ ಏಳಲ್ಲ!" ಎಂದು ಕೂಗಿದಳು.

ಹೊರಡುವಾಗ ನೀನು ಬಾಗಿಲಲ್ಲಿ ನಿಂತು ಎಣಿಸಿದೆ. ಒಂದು ಸಲ, ಅಮ್ಮನೂ ಸೇರಿ, ಮೂವತ್ತು. ಎರಡನೇ ಸಲವೂ ಮೂವತ್ತು. ಆಮೇಲೆ ತಿರುಗಿ, ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ ನನ್ನ ಕಡೆ ಬೆರಳು ತೋರಿಸಿ, ಇಡೀ ಬೀದಿಗೆ ಕೇಳುವಂತೆ "ಮೂವತ್ತೊಂದು" ಅಂದೆ. ಡ್ರೈವರಿಗೆ "ಸರಿ ಇದೆ, ಬಿಡು" ಅಂದೆ. ಬಸ್ಸು ಹೋಯಿತು.

ನೀನು ಕೆಳಗಿಟ್ಟುಹೋದ ಕಂದು ಸೂಟ್‌ಕೇಸ್ ಆಮೇಲೆ ಕಾಣಿಸಿತು. ಇಪ್ಪತ್ತೊಂದು ದಿನದ ಬಟ್ಟೆಯನ್ನು ಒಂದು ಬಟ್ಟೆ ಚೀಲಕ್ಕೆ ತುಂಬಿಕೊಂಡು ಹೋಗಿದ್ದೀಯೆಂದು ಅಮ್ಮ ಫೋನಿನಲ್ಲಿ ಹೇಳಿದಳು. ಅದರಲ್ಲಿ ಅರ್ಧ ನಿನಗೆ ಬೇಕಾಗಿಯೂ ಇಲ್ಲ ಅಂತಲೂ ಹೇಳಿದಳು.

ಇವತ್ತು ಅದನ್ನು ಪೂರ್ತಿ ಬಿಚ್ಚಿದೆ. ಲೈನಿಂಗ್ ಬಟ್ಟೆಯ ಹಿಂದೆ ಹಳೆಯ ಫೋಟೋ ಏನಾದರೂ ಸಿಗಬಹುದೆಂದು ಬೀಗದಮ್ಮ ಆಸೆಯಿಂದ ಪಕ್ಕದಲ್ಲೇ ಕೂತಿದ್ದಳು. ಏನೂ ಸಿಗಲಿಲ್ಲ. ಒಂದು ಮುರಿದ ಬಾಚಣಿಗೆ ಇತ್ತು, ಅಷ್ಟೇ. ಆದರೆ ಎಡಗಡೆಯ ಚಕ್ರದಲ್ಲಿ ಮಣ್ಣಿತ್ತು, ಅಪ್ಪಾ. ಒಣಗಿದ, ಕೆಂಪು ಮಣ್ಣು. ಮೂರನೇ ಸಲ. ನೀನು ನಿಜವಾಗಿಯೂ ಇಳಿದು ನಡೆದವನು. ಇದನ್ನು ಬರೆಯದೆ ಇದ್ದರೆ ನನ್ನ ಪ್ರಾಮಾಣಿಕತೆಗೆ ಬೆಲೆಯಿಲ್ಲ.

ಆ ದರಿದ್ರ ರಿವೆಟ್ ತೆಗೆದು ಬಿಸಾಕಿದ್ದೇನೆ. ನಾಲ್ಕು ಚಕ್ರವೂ ಹೊಸವು, ಒಂದೇ ಅಳತೆ. ಇನ್ನು ನಿನ್ನ ಭುಜ ನೋಯುವುದಿಲ್ಲ, ನೋಯುತ್ತಿದೆ ಎಂದು ಅಮ್ಮನ ಹತ್ತಿರ ನಾಟಕ ಮಾಡಿದರೆ ನಾನು ನಂಬುವುದಿಲ್ಲ. ಸೂಟ್‌ಕೇಸನ್ನು ಯಾರ ಕೈಯಲ್ಲೂ ಕಳಿಸಿಕೊಡುವುದಿಲ್ಲ. ಮಾಲೀಕರೇ ಬಂದು, ಎಳೆದು ನೋಡಿ, ಸರಿಯಿದೆ ಎಂದು ಹೇಳಿ ತೆಗೆದುಕೊಂಡು ಹೋಗುವುದು ನಮ್ಮ ಅಂಗಡಿಯ ಪದ್ಧತಿ.

ಬೆಳಿಗ್ಗೆ ಒಂಬತ್ತಕ್ಕೆ ಶಟರ್ ತೆಗೆಯುತ್ತೇವೆ. ನಾನು ಇಲ್ಲೇ ಇರುತ್ತೇನೆ.

ನಿನ್ನ
ಮೂವತ್ತೊಂದನೆಯವಳು